ಪ್ರಾಗಿನ ಪೇಟಿಗೆ ಹದಿಮೂರು ಸುತ್ತು

ಮುಂಬಯಿ

ವಿಮಾನ ನಿಲ್ದಾಣದ ಯಂತ್ರದೊಳಗೆ ನನ್ನ ಚೀಲ ಒಂದು ಸಲ ಹೋಗಿ ಬಂತು. ಇನ್ನೊಂದು ಸಲ ಹೋಗಿ ಬಂತು. ಮೂರನೆಯ ಸಲ ಅದರ ಹಿಂದೆ ಒಬ್ಬ ಅಧಿಕಾರಿಯೂ ಬಂದು, ಬಿಚ್ಚಿ ತೋರಿಸಿ ಅಂದರು. ಬಿಚ್ಚಿದೆ. ಇಪ್ಪತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಅಮೀನಗಡದ ಕರದಂಟು, ಅವುಗಳ ನಡುವೆ ಅಪ್ಪನ ಹಳೆಯ ಧೋತರದಲ್ಲಿ ಕೂಸಿನಂತೆ ಸುತ್ತಿಟ್ಟ ಐದು ಕರಿ ಮರದ ತುಂಡುಗಳು.

‘ಇದೇನು?’

‘ಕ್ಲಾರಿನೆಟ್. ಊದುವ ವಾದ್ಯ.’

‘ಹಾಗಾದರೆ ಊದಿ ತೋರಿಸಿ.’

ಊದಿದರೆ ದನಿ ಬರುವಂತಿದ್ದರೆ ನಾನು ಅಷ್ಟು ದೂರ ಯಾಕೆ ಹೋಗುತ್ತಿದ್ದೆ? ಅದರ ಮೈ ಸೀಳಿ ಮೂರು ವರ್ಷವಾಗಿತ್ತು. ಅದೂ ಅಲ್ಲದೆ ನಮ್ಮ ಮನೆಯ ಹೆಣ್ಣುಮಕ್ಕಳು ವಾದ್ಯ ಒರೆಸಿ ಇಡುತ್ತಾರೆಯೇ ಹೊರತು ಬಾಯಿ ಹಚ್ಚುವುದಿಲ್ಲ. ಇದನ್ನೆಲ್ಲ ನನಗೆ ಬರುವ ಹರಕು ಹಿಂದಿಯಲ್ಲಿ ವಿವರಿಸಿದೆ. ಅಧಿಕಾರಿಗೆ ಎಷ್ಟು ತಿಳಿಯಿತೋ ಕಾಣೆ, ಕರದಂಟಿನ ಒಂದು ತುಂಡು ಬಾಯಿಗೆ ಹಾಕಿಕೊಂಡ ಮೇಲೆ ಅವರ ಸಂಶಯ ತಾನಾಗಿ ಕರಗಿತು.

ನಾನು ಇಳಕಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ನಮ್ಮಪ್ಪ ಶಂಕ್ರಪ್ಪ, ನೆಲ ಅಗೆದು ಕೂಡಿಸಿದ ಕುಣಿಮಗ್ಗದಲ್ಲಿ ಸೀರೆ ನೇಯುವವನು, ಲಗ್ನದ ದಿನಗಳಲ್ಲಿ ಬ್ಯಾಂಡಿನ ಮಾಸ್ತರ. ಹುನಗುಂದದಿಂದ ಬಾದಾಮಿಯವರೆಗೆ ಮದುಮಕ್ಕಳ ಮೆರವಣಿಗೆಯ ಮುಂದೆ ಮೂವತ್ತು ವರ್ಷ ಕ್ಲಾರಿನೆಟ್ ಊದುತ್ತ ನಡೆದವನು. ಅದು ಮೂಕಾದ ಮೇಲೆ ಕೊಲ್ಹಾಪುರದಿಂದ ಹೊಸದೊಂದನ್ನು ತರಿಸಿದೆವು. ‘ಇದು ನನ್ನ ಬಾಯಿಗೆ ಕೂಡವಲ್ದವಾ’ ಎಂದು ಎಂಟು ದಿನಕ್ಕೆ ಕೆಳಗಿಟ್ಟ. ಆಮೇಲೆ ತನ್ನದೇ ಬ್ಯಾಂಡಿನಲ್ಲಿ ಹಿಂದಿನ ಸಾಲಿಗೆ ಹೋಗಿ ನಿಂತು ತಾಳ ಬಡಿಯತೊಡಗಿದ. ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಳಿಸುವಾಗ ಹೇಳಿದ್ದು ಇಷ್ಟೇ:

‘ಇದನ್ನ ಮಾತಾಡಿಸ್ಕೊಂಡು ಬಾ, ಶಾಂತವ್ವ. ಇಲ್ಲಂದ್ರ ಈ ಲಗ್ನದ ಸೀಜನ್ ಮುಗಿದ್ ಕೂಡ್ಲೆ ನಾ ಬ್ಯಾಂಡ್ ಬಿಟ್ಟಬಿಡ್ತೇನಿ. ತಾಳ ಹೊಡಿಯಾಕ ಮಾಸ್ತರ ಬೇಕಾಗಿಲ್ಲ.’

ನಮ್ಮಪ್ಪ ಬೆದರಿಸುವ ಪೈಕಿ ಅಲ್ಲ. ಅಂದದ್ದನ್ನು ಮಾಡುವ ಪೈಕಿ. ನನಗೆ ಹೆದರಿಕೆ ಇದ್ದದ್ದು ವಿಮಾನದ್ದಲ್ಲ, ಆ ಮಾತಿನದು.

ಬಾದಾಮಿ, ಒಂದು ವರ್ಷದ ಹಿಂದೆ

ಇದೆಲ್ಲ ಶುರುವಾದದ್ದು ಬನಶಂಕರಿಯಲ್ಲಿ. ನಮ್ಮ ನೇಕಾರರ ಮನೆಯ ಲಗ್ನವೊಂದಿತ್ತು. ಮೆರವಣಿಗೆಯಲ್ಲಿ ಇಬ್ಬರು ಬಿಳಿಯರು ಸೇರಿಕೊಂಡಿದ್ದರು. ಬಾದಾಮಿಯ ಗುಹೆ ನೋಡಲು ಬಂದವರು ದಾರಿಯಲ್ಲಿ ಬ್ಯಾಂಡಿನ ಸದ್ದು ಕೇಳಿ ಗುಹೆ ಬಿಟ್ಟು ಇತ್ತ ಬಂದಿದ್ದರು. ಗಂಡಸು ತೆಳ್ಳಗೆ, ತಲೆಯ ಮೇಲೆ ಅಜ್ಜಂದಿರ ಕಾಲದ ಟೋಪಿ. ಹೆಂಗಸು ಬಿಸಿಲಿಗೆ ಟೊಮೇಟೊ ಹಣ್ಣಾಗಿದ್ದಳು. ಗಂಡನ ಹೆಸರು ಪಾವೆಲ್, ಹೆಂಡತಿ ಹಾನಾ, ಊರು ಪ್ರಾಗ್. ಇಂಗ್ಲಿಷ್ ಬರುವವಳು ಅಂತ ನನ್ನನ್ನು ಮುಂದೆ ನೂಕಿದರು.

ಪಾವೆಲ್ ಕಣ್ಣು ಅಪ್ಪನ ಹೆಗಲ ಚೀಲದ ಮೇಲೆ ಬಿತ್ತು. ಊದಲಾಗದಿದ್ದರೂ ಅಪ್ಪ ಕ್ಲಾರಿನೆಟ್ಟನ್ನು ಮೆರವಣಿಗೆಗೆ ಹೊತ್ತು ತರುವುದನ್ನು ಬಿಟ್ಟಿರಲಿಲ್ಲ. ತೆಗೆದು ತೋರಿಸಿದ. ಅದರ ಮೇಲೆ ಅರ್ಧ ಅಳಿಸಿದ ಒಂದು ಮುದ್ರೆ ಇತ್ತು, ನಾವು ಅದನ್ನು ಹೂವಿನ ಚಿತ್ರ ಅಂದುಕೊಂಡಿದ್ದೆವು. ಪಾವೆಲ್ ಉಗುರಿನಿಂದ ಕೆರೆದು ಓದಿ, ಹೆಂಡತಿಯ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಕೂಗಿದ. ಅದು ಒಂದು ಊರಿನ ಹಳೆಯ ಹೆಸರು. ಅವನ ಮನೆಯಿಂದ ಮೂರು ತಾಸಿನ ದಾರಿ. ಆ ಊರಿನವರು ನೂರು ವರ್ಷದ ಹಿಂದೆ ಜಗತ್ತಿನ ಬ್ಯಾಂಡುಗಳಿಗೆಲ್ಲ ವಾದ್ಯ ಮಾಡಿ ಕಳಿಸುತ್ತಿದ್ದರಂತೆ.

‘ಇದನ್ನು ಅಲ್ಲಿಗೆ ಕಳಿಸಿ. ಸರಿಮಾಡುವ ಮನುಷ್ಯ ಇದ್ದಾನೆ’ ಅಂದ.

‘ಟಪಾಲಿಗೆ ಹಾಕಾಕ ಇದೇನ್ ಕಾಗದೇನ್ರಿ?’ ಎಂದ ಅಪ್ಪ. ತಾನು ಹೋಗುವುದಕ್ಕೂ ಒಪ್ಪಲಿಲ್ಲ. ಕಡೆಗೆ ಪಾವೆಲ್, ಹಾನಾ ಬಾರಿಸುವ ಪ್ರಾಗಿನ ಬ್ಯಾಂಡಿನ ಸಂಘದವರು ಟಿಕೆಟ್ ಕಳಿಸಿದರು, ಸಾಲಿಯ ಬ್ಯಾಸಿಗಿ ರಜಾ ಇತ್ತು, ಹೊರಟವಳು ನಾನು.

ಪ್ರಾಗ್

ಪ್ರಾಗಿನಲ್ಲಿ ನೆಲದೊಳಗೆ ಓಡುವ ರೈಲಿಗೆ ಇಳಿಯಲು ತಾನೇ ಚಲಿಸುವ ಮೆಟ್ಟಿಲುಗಳಿವೆ. ಚಲಿಸುತ್ತವೆ ಅನ್ನುವುದಕ್ಕಿಂತ ಓಡುತ್ತವೆ ಅನ್ನಬೇಕು. ಇಳಕಲ್ ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕಣ್ಣು ಮುಚ್ಚಿ, ಬನಶಂಕರಿಯನ್ನು ನೆನೆದು ಕಾಲಿಟ್ಟೆ. ಹಿಂದೆ ಇಪ್ಪತ್ತು ಜನ ತುಟಿ ಪಿಟಕ್ಕೆನ್ನದೆ ಕಾದು ನಿಂತಿದ್ದರು. ನಮ್ಮಲ್ಲಾಗಿದ್ದರೆ ಇಷ್ಟೊತ್ತಿಗೆ ನಾಲ್ಕು ಜನ ಸಲಹೆ ಕೊಟ್ಟು, ಇಬ್ಬರು ಕೈ ಹಿಡಿದು, ಒಬ್ಬ ಬೈದೂ ಆಗಿರುತ್ತಿತ್ತು.

ಆದರೆ ಪಾವೆಲ್ ಮನೆಯ ಬಾಗಿಲಿಗೆ ಬಂದಾಗ ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋಗುವುದನ್ನು ಕಂಡು ಜೀವಕ್ಕೆ ಸಮಾಧಾನವಾಯಿತು. ಹಾನಾ ಊಟಕ್ಕೆ ಆವಿಯಲ್ಲಿ ಬೇಯಿಸಿದ ಹಿಟ್ಟಿನ ಉಂಡೆಯನ್ನು ಹೋಳು ಮಾಡಿ ಬಡಿಸಿದಳು. ಹೂರಣ ತುಂಬಲು ಮರೆತ ಕಡುಬು. ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆ. ಅವರೂ ಹಚ್ಚಿಕೊಂಡರು, ಆಮೇಲೆ ಬಹಳ ಹೊತ್ತು ನೀರು ಕುಡಿದರು.

ಅವರದು ಹನ್ನೆರಡು ಜನರ ಬ್ಯಾಂಡು. ಬಾರಿಸುವುದು ಎಪ್ಪತ್ತು ಎಂಬತ್ತು ವರ್ಷ ಹಳೆಯ ಜಾಝ್, ಸ್ವಿಂಗ್. ಅಮೆರಿಕದ ಕಪ್ಪು ಜನ ಕಟ್ಟಿ ಬೆಳೆಸಿದ ಸಂಗೀತ. ಅದಕ್ಕೂ ನಿಮಗೂ ಎಲ್ಲಿಯ ಸಂಬಂಧ ಎಂದು ಕೇಳಿಯೇಬಿಟ್ಟೆ.

‘ನಮ್ಮ ಅಜ್ಜಿ ಈ ಹಾಡುಗಳಿಗೆ ಕುಣಿಯುತ್ತಲೇ ಅಜ್ಜನನ್ನು ಕಂಡದ್ದು’ ಅಂದಳು ಹಾನಾ. ‘ನಡುವೆ ಇದನ್ನು ಬಾರಿಸಿದರೆ ಸರಕಾರ ಕಣ್ಣು ಕೆಂಪಗೆ ಮಾಡುವ ಕಾಲ ಬಂತು. ಅಪ್ಪ ಬಾಗಿಲು ಹಾಕಿಕೊಂಡು ಕೇಳುತ್ತಿದ್ದ. ಈಗ ನಾವು ಬಾಗಿಲು ತೆಗೆದು ಬಾರಿಸುತ್ತೇವೆ, ಅಷ್ಟೇ.’

ಸ್ವರ ಬರೆದ ಹಾಳೆಗಳು ಉಳಿದಿಲ್ಲ, ಉಳಿದದ್ದು ಗೀರು ಬಿದ್ದ ಗ್ರಾಮಫೋನ್ ಪ್ಲೇಟುಗಳು. ಪಾವೆಲ್ ಒಂದು ಪ್ಲೇಟಿನ ಮುಂದೆ ಕುಳಿತನೆಂದರೆ ಒಂದು ತಿಂಗಳು. ಒಂದು ಸಲ ಕೊಳಲಿನ ಸಾಲು ಮಾತ್ರ ಕೇಳಿ ಬರೆದುಕೊಳ್ಳುತ್ತಾನೆ, ಮತ್ತೊಂದು ಸಲ ಕಹಳೆಯದು, ಇನ್ನೊಂದು ಸಲ ತಳದಲ್ಲಿ ಗೊಣಗುವ ದೊಡ್ಡ ತುತ್ತೂರಿಯದು. ಅದನ್ನು ನೋಡಿ ನನಗೆ ನಮ್ಮ ಓಣಿ ನೆನಪಾಯಿತು. ಮರೆತುಹೋದ ದಡಿಯೊಂದನ್ನು ಮತ್ತೆ ನೇಯಬೇಕಾದರೆ ನಮ್ಮವರೂ ಮುತ್ತಜ್ಜಿಯ ಹರಿದ ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಸೂಜಿಯ ಮೊನೆಯಿಂದ ಒಂದೊಂದೇ ಎಳೆ ಎಣಿಸುತ್ತ ಕೂಡುತ್ತಾರೆ. ಇದನ್ನು ಹೇಳಿದಾಗ ಪಾವೆಲ್ ಕುರ್ಚಿಯಿಂದ ಎದ್ದೇ ನಿಂತ.

‘ಮೂಲದಲ್ಲಿ ಹೇಗಿದೆಯೋ ಹಾಗೇ ಬರಬೇಕು. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ, ಅಲ್ಲವೇ?’

ಹೌದು ಅಂದೆ. ಆಗ ಹಾಗೇ ಅನಿಸಿತ್ತು.

ಇನ್ನೊಂದು ಮಾತು ಹೇಳದಿದ್ದರೆ ಮನಸ್ಸು ತಡೆಯದು. ಹಾನಾ ಟ್ರೊಂಬೋನ್ ಊದುತ್ತಾಳೆ. ಮೊಳಕೈಯುದ್ದ ಹಿಂದೆ ಮುಂದೆ ಜಾರುವ ಹಿತ್ತಾಳೆಯ ವಾದ್ಯ. ಗಲ್ಲ ಉಬ್ಬಿಸಿ, ಕಾಲು ಅಗಲಿಸಿ ನಿಂತು, ಬಾಗಲಕೋಟೆಯ ತನಕ ಕೇಳುವಂತೆ ಊದುತ್ತಾಳೆ. ಯಾರೂ ನಗಲಿಲ್ಲ. ನಾನು ಮಾತ್ರ ಬಾಯಿ ತೆರೆದು ನೋಡಿದೆ.

ಗುಡ್ಡದ ಊರು

ಕ್ಲಾರಿನೆಟ್ಟಿನ ತವರೂರು ಗುಡ್ಡಗಳ ನಡುವೆ ತಣ್ಣಗೆ ಕುಳಿತಿದೆ. ರಿಪೇರಿ ಮಾಡುವ ಯೋಸೆಫ್ ಎಂಬತ್ತರ ಹತ್ತಿರದ ಮನುಷ್ಯ. ಮಾತು ಕಡಿಮೆ. ಧೋತರದ ಗಂಟು ಬಿಚ್ಚಿ ಐದೂ ತುಂಡುಗಳನ್ನು ಸಾಲಾಗಿಟ್ಟು, ಕನ್ನಡಕ ಏರಿಸಿ ನೋಡತೊಡಗಿದ. ನನಗೆ ಹರಿದ ಅಂಗಿ ಹಾಕಿದ ಮಗುವನ್ನು ಡಾಕ್ಟರ ಮುಂದೆ ನಿಲ್ಲಿಸಿದಷ್ಟು ಸಂಕೋಚವಾಯಿತು. ಯಾಕೆಂದರೆ ಮೂವತ್ತು ವರ್ಷ ಅಪ್ಪ ಅದಕ್ಕೆ ಮಾಡಿದ ಉಪಚಾರವೆಲ್ಲ ಅಲ್ಲಿ ಬಯಲಾಗಿತ್ತು. ಗುಂಡಿಗಳ ಕೆಳಗೆ ಸೈಕಲ್ ಟ್ಯೂಬಿನ ಬಿಲ್ಲೆ. ತೂತಿನ ಅಂಚಿಗೆ ಜೇನುಮೇಣ. ಒಂದು ತುಂಡು ಇನ್ನೊಂದರೊಳಗೆ ಕೂಡುವ ಜಾಗದಲ್ಲೆಲ್ಲ ಸೀರೆಯ ರೇಷ್ಮೆ ಎಳೆ, ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ದಾಳಿಂಬೆ ಬಣ್ಣ.

ಯೋಸೆಫ್ ಚಿಮುಟದಿಂದ ಆ ಎಳೆಗಳನ್ನು ಎತ್ತಿ ನನ್ನ ಮುಖ ನೋಡಿದ. ತೆಗೆಯಲೇ ಎಂದು ಕೇಳುವಂತಿತ್ತು. ನನಗೂ ಅದು ಜಿಡ್ಡು ಹಿಡಿದ ಕಸದಂತೆಯೇ ಕಂಡಿತು. ತಲೆಯಾಡಿಸಿದೆ. ದಾರವೆಲ್ಲ ಕಸದ ಡಬ್ಬಿಗೆ ಹೋಯಿತು.

ಎರಡು ದಿನ ಕೆಲಸ ಮಾಡಿದ. ಸೀಳಿಗೆ ಅದೇ ಜಾತಿಯ ಮರದ ಪುಡಿ ತುಂಬಿ ಬಿಗಿದ, ಹೊಸ ಬಿಲ್ಲೆ ಕೂಡಿಸಿದ, ಕೂಡುವ ಜಾಗಗಳಿಗೆ ಹೊಸ ಕಾರ್ಕ್ ಪಟ್ಟಿ ಹಚ್ಚಿದ. ಜೋಡಿಸಿ ಕೈಗೆ ಕೊಟ್ಟಾಗ ತುಂಡುಗಳ ನಡುವೆ ಉಗುರೂ ಹೋಗದಷ್ಟು ಬಿಗಿ. ‘ಹುಟ್ಟಿದ ದಿನ ಹೇಗಿತ್ತೋ ಹಾಗೇ ಮಾಡಿದ್ದೇನೆ’ ಅಂದನಂತೆ, ಪಾವೆಲ್ ಅನುವಾದಿಸಿದ. ಪಾವೆಲ್ ಅಲ್ಲೇ ಒಂದು ಉದ್ದನೆಯ ಸ್ವರ ಊದಿದ. ಮೂರು ವರ್ಷದ ಮೇಲೆ ಆ ದನಿ! ನಾನು ಯೋಸೆಫನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಪಾಪ, ಮುದುಕ ಏನೋ ಕೆಳಗೆ ಬಿತ್ತೆಂದುಕೊಂಡು ತಾನೂ ಬಗ್ಗಿ ಹುಡುಕಿದ.

ಮತ್ತೆ ಪ್ರಾಗ್

ಮರುದಿನ ಸಂಜೆ ನದಿಯ ದಂಡೆಯಲ್ಲಿ ಅವರ ಕಾರ್ಯಕ್ರಮವಿತ್ತು. ಅಪ್ಪನ ಕ್ಲಾರಿನೆಟ್ಟಿನಲ್ಲಿ ಎರಡು ಹಾಡು ಬಾರಿಸುವುದೆಂದು ಪಾವೆಲ್ ಮೊದಲೇ ಹೇಳಿದ್ದ. ಬೆಳಿಗ್ಗೆ ಎಲ್ಲರೂ ತಾಲೀಮಿಗೆ ಕೂಡಿದರು. ಹಾಡು ಶುರುವಾಗಿ ಹತ್ತು ಎಣಿಸುವಷ್ಟರಲ್ಲಿ ಒಬ್ಬೊಬ್ಬರೇ ಮುಖ ಹಿಂಡಿದರು. ಸಂಗೀತ ಬಾರದ ನನ್ನ ಕಿವಿಗೂ ಹಲ್ಲಿಗೆ ಉಸುಕು ಸಿಕ್ಕಂತಾಯಿತು. ಪಾವೆಲ್ ಊದುವುದನ್ನು ನಿಲ್ಲಿಸಿದ. ಪಿಯಾನೋದ ಜೊತೆ ಒಂಟಿ ಸ್ವರ ಹಿಡಿದು ನೋಡಿದ. ಕ್ಲಾರಿನೆಟ್ ಒಂದು ಕೂದಲು ಮೇಲೆಯೇ ನಿಂತಿತ್ತು.

‘ಹಿಂದೆ ಸೈನ್ಯದ ಬ್ಯಾಂಡುಗಳಿಗೆ ಬಯಲಲ್ಲಿ ಖಣಿಲ್ ಎನ್ನಲಿ ಅಂತ ಶ್ರುತಿ ಏರಿಸಿ ಮಾಡುತ್ತಿದ್ದರು. ಇದು ಅಂಥದ್ದು. ಆರೋಗ್ಯವಾಗಿದೆ, ಆದರೆ ಯಾವ ವಾದ್ಯದ ಜೊತೆಗೂ ಕೂಡುವುದಿಲ್ಲ. ನನ್ನನ್ನು ಕ್ಷಮಿಸು, ಶಾಂತಾ’ ಅಂದ ಪಾವೆಲ್.

ನಮ್ಮ ಬ್ಯಾಂಡಿನಲ್ಲೂ ಗಾಡಿಯ ಮೇಲೆ ಕೀಬೋರ್ಡ್ ಇದೆ, ಎರಡು ಕಹಳೆ ಇವೆ. ಅವುಗಳ ಜೊತೆ ಕೂಡದ ವಾದ್ಯ ಕಟ್ಟಿಕೊಂಡು ಅಪ್ಪ ಏನು ಮಾಡಿಯಾನು? ಆದರೆ ಮೂವತ್ತು ವರ್ಷ ಕೂಡಿತ್ತಲ್ಲ! ಅದು ಹೇಗೆ?

ಹಾನಾ ಫೋನು ತಂದುಕೊಟ್ಟಳು. ನಮ್ಮ ಓಣಿಯ ನೂಲಿನ ಅಂಗಡಿಗೆ ಹಚ್ಚಿದೆ. ಅಪ್ಪನನ್ನು ಮಗ್ಗದಿಂದ ಎಬ್ಬಿಸಿ ಕರೆತರುವಷ್ಟರಲ್ಲಿ ಹಾನಾ ನನ್ನ ಕೈ ಹಿಡಿದು ನಿಂತಿದ್ದಳು.

‘ಅಪ್ಪಾ, ಸೀಳು ಮುಚ್ಯಾರ. ಎಲ್ಲಾ ಸ್ವಚ್ಛ ಮಾಡ್ಯಾರ. ಹೊಸಾದು ಆದಂಗ ಆಗೇತಿ.’

‘ಹೊಸಾದು ಮಾಡ್ರಿ ಅಂತ ಯಾರ್ ಹೇಳಿದ್ರು?’

‘ಆದ್ರ ಪಿಯಾನೋದ ಕೂಡ ಕೂಡವಲ್ದು. ಏರಿ ನಿಂತೈತಿ.’

ಅಪ್ಪ ಮೆಲ್ಲಗೆ ಕೇಳಿದ: ‘ದಾರ ಎಲ್ಲೈತಿ?’

‘ಯಾವ ದಾರ?’

‘ಸಂದಿನ್ಯಾಗಿಂದು. ಸಣ್ಣಾಕಿ ಇದ್ದಾಗ ನೀನ ಸುತ್ತಿದ್ದಿ ಅಲ್ಲೇನವಾ, ನಾಟಕದ ಕಂಪನ್ಯಾಗ? ಕಾಲ್ಪೇಟಿ ಮುಂದ ಕುಂತು?’

‘ಎಷ್ಟು ಸುತ್ತಬೇಕಪಾ?’

‘ನನ್ನೇನ್ ಕೇಳ್ತಿ? ಪೇಟಿನ ಕೇಳ...’ ಅನ್ನುವಷ್ಟರಲ್ಲಿ ಫೋನು ಕಟ್ಟಾಯಿತು.

ಮರೆತೇಹೋಗಿದ್ದದ್ದು ಒಮ್ಮೆಲೇ ಕಣ್ಣ ಮುಂದೆ ಬಂತು. ನನಗಾಗ ಹತ್ತು ವರ್ಷ. ಇಳಕಲ್ಲಿಗೆ ನಾಟಕದ ಕಂಪನಿ ಬಂದಾಗ ಅಪ್ಪ ಅವರ ಜೊತೆ ಬಾರಿಸುತ್ತಿದ್ದ. ಅವರ ಕಾಲ್ಪೇಟಿಗೆ, ಅಂದರೆ ಕಾಲಿನಿಂದ ಗಾಳಿ ತುಳಿಯುವ ಹಾರ್ಮೋನಿಯಮ್ಮಿಗೆ, ಅಪ್ಪನ ಕ್ಲಾರಿನೆಟ್ ಕೂಡುತ್ತಿರಲಿಲ್ಲ. ಆಗ ಅಪ್ಪ ಮೇಲಿನ ತುಂಡನ್ನು ಬಿಚ್ಚಿ, ಅದು ಕೂಡುವ ಬುಡದಲ್ಲಿ ನನ್ನಿಂದ ರೇಷ್ಮೆ ಎಳೆ ಸುತ್ತಿಸಿದ್ದ. ಎಳೆಯ ಪಕ್ಕ ಎಳೆ. ದಾರ ಅಡ್ಡ ಬಂದು ತುಂಡುಗಳು ಪೂರ್ತಿ ಮುಚ್ಚುತ್ತಿರಲಿಲ್ಲ, ಸಂದು ಉಳಿಯುತ್ತಿತ್ತು. ಅಷ್ಟು ಕ್ಲಾರಿನೆಟ್ ಉದ್ದವಾಗುತ್ತಿತ್ತು, ಉದ್ದವಾದಷ್ಟು ದನಿ ಇಳಿಯುತ್ತಿತ್ತು. ಅಪ್ಪ ಊದಿ ನೋಡಿ ‘ಇನ್ನೊಂದು ಸುತ್ತವಾ’ ಅನ್ನುತ್ತಿದ್ದ. ದಿನಾ ಮಗ್ಗದ ಕಂಡಿಕಿಗೆ ನೂಲು ಸುತ್ತುವ ನನಗೆ ಅದೊಂದು ಕೆಲಸವೇ ಆಗಿರಲಿಲ್ಲ. ಯೋಸೆಫನ ಕಸದ ಡಬ್ಬಿಗೆ ಹೋದದ್ದು ಆ ಶ್ರುತಿ. ಹಾಕಿಸಿದವಳು ನಾನು.

ದಾರ ಬೇಕು. ಅಂಗಡಿಯ ದಾರವಲ್ಲ, ತೆಳ್ಳಗೆ ಬಿಗಿಯಾಗಿ ಕೂಡುವ ರೇಷ್ಮೆ. ನಾನು ಉಟ್ಟಿದ್ದು ಇಳಕಲ್ ಸೀರೆ, ಸೆರಗು ಅಪ್ಪಟ ರೇಷ್ಮೆ. ಸೆರಗಿನ ಕೊನೆಯ ಅಡ್ಡ ಎಳೆಯನ್ನು ಉಗುರಿನಿಂದ ಬಿಡಿಸಿ ಮೆಲ್ಲಗೆ ಎಳೆದೆ. ಒಂದೂಕಾಲು ಗಜದ ಕೆಂಪು ಎಳೆ ಸಳಸಳ ಬಂತು. ಅವ್ವ ನೋಡಿದ್ದರೆ ಬೆನ್ನಿಗೊಂದು ಕೊಡುತ್ತಿದ್ದಳು. ಹನ್ನೆರಡು ಜನ ಪ್ರಾಗಿನವರು ವಾದ್ಯ ಕೆಳಗಿಟ್ಟು, ಈ ಹೆಂಗಸಿಗೆ ಏನಾಯಿತೆಂದು ನೋಡುತ್ತಿದ್ದರು.

‘ಪಾವೆಲ್, ಒಂದೇ ಸ್ವರ ಊದು. ಪಿಯಾನೋದವರು ಅದೇ ಸ್ವರದ ಮನೆ ಒತ್ತಲಿ’ ಅಂದೆ. ಶಾಲೆಯಲ್ಲಿ ಮಕ್ಕಳಿಗೆ ಹೇಳುವ ದನಿ ಅದು, ತಾನಾಗಿ ಬಂತು.

ಐದು ಸುತ್ತು. ಊದಿದ. ಇಲ್ಲ. ಎಂಟು ಸುತ್ತು. ಹತ್ತಿರ ಬಂತು. ಹನ್ನೊಂದಕ್ಕೆ ಪಾವೆಲ್ ಹುಬ್ಬು ಏರಿಸಿದ. ಹನ್ನೆರಡು. ಹದಿಮೂರನೆಯ ಸುತ್ತಿಗೆ ಪಿಯಾನೋ ಯಾವುದು ಕ್ಲಾರಿನೆಟ್ ಯಾವುದು ತಿಳಿಯದಂತೆ ಎರಡೂ ಕೂಡಿಹೋದವು. ಹಾನಾ ಕೇಕೆ ಹಾಕಿದಳು. ಪಾವೆಲ್ ಮಾತ್ರ ಕ್ಲಾರಿನೆಟ್ಟಿನ ಆ ಕೆಂಪು ಉಂಗುರವನ್ನೇ ನೋಡುತ್ತ ನಿಂತಿದ್ದ.

‘ಹಳೆಯ ಪ್ಲೇಟಿನಲ್ಲಿ ಯಾರೋ ಕೆಮ್ಮಿದ್ದನ್ನೂ ನಾನು ಬರೆದಿಟ್ಟುಕೊಳ್ಳುತ್ತೇನೆ. ಈ ದಾರವನ್ನು ಯಾಕೆ ನೋಡಲಿಲ್ಲ?’

‘ನಾನೂ ನೋಡಲಿಲ್ಲವಲ್ಲ’ ಅಂದೆ.

ನದಿಯ ದಂಡೆ

ಮೇ ತಿಂಗಳಲ್ಲಿ ಅಲ್ಲಿ ಸಂಜೆ ಎಂಟಾದರೂ ಬಿಸಿಲು. ನದಿಯ ದಂಡೆಯ ಮೇಲೆ ಹಲಗೆ ಹಾಸಿದ್ದರು. ಅಲ್ಲಿನವರೆಲ್ಲ ಹದಿನಾರು ವಯಸ್ಸಿಗೆ ಕ್ಲಾಸಿಗೆ ಹೋಗಿ ಕುಣಿತ ಕಲಿಯುತ್ತಾರಂತೆ, ನಮ್ಮ ಮಕ್ಕಳು ಗಣಿತದ ಟ್ಯೂಷನ್ನಿಗೆ ಹೋದ ಹಾಗೆ. ಅದಕ್ಕೇ ಅಜ್ಜಂದಿರೂ ಹೆಜ್ಜೆ ತಪ್ಪದೆ ಕುಣಿಯುತ್ತಿದ್ದರು. ಅಂಥ ಒಬ್ಬ ಅಜ್ಜ ನನ್ನ ಮುಂದೆ ಬಂದು ಸೊಂಟ ಬಗ್ಗಿಸಿ ವಂದಿಸಿದ. ದೊಡ್ಡವರು, ನಾನೂ ಎದ್ದು ಕೈಮುಗಿದು ಕುಳಿತೆ. ಅವನು ಮತ್ತೆ ಬಗ್ಗಿದ. ನಾನು ಮತ್ತೆ ಕೈಮುಗಿದೆ. ಕುಣಿಯಲು ಕರೆಯುವ ರೀತಿ ಅದು ಎಂದು ತಿಳಿಯುವಷ್ಟರಲ್ಲಿ ಅಜ್ಜ ಸೋತು ಪಕ್ಕದಲ್ಲೇ ಕುಳಿತುಬಿಟ್ಟಿದ್ದ. ತಿಳಿದ ಮೇಲೂ ನಾನು ಏಳಲಿಲ್ಲ. ಮಂದಿ ಏನಂದಾರು? ಇಳಕಲ್ಲಿನ ಒಂದು ನರಪಿಳ್ಳೆಯೂ ಇಲ್ಲದ ಊರಿನಲ್ಲಿ ಮಂದಿಗೆ ಹೆದರಿ ಕುಳಿತೆ.

ಮೂರನೆಯ ಹಾಡಿಗೆ ಪಾವೆಲ್ ಅಪ್ಪನ ಕ್ಲಾರಿನೆಟ್ ಎತ್ತಿಕೊಂಡ. ಸುತ್ತ ಕಹಳೆ, ಟ್ರೊಂಬೋನ್, ಪಿಯಾನೋ, ಅವುಗಳ ನಡುವಿನಿಂದ ನಮ್ಮ ಮನೆಯ ದನಿ ಎದ್ದು ಬಂತು. ಹಾಡು ಯಾರದೋ, ಊರು ಯಾರದೋ, ದನಿ ಮಾತ್ರ ನಮ್ಮ ಪಡಸಾಲೆಯದು. ನನಗೆ ಅಳು ಬಂತು, ಯಾಕೆ ಮುಚ್ಚಿಡಲಿ? ಪಕ್ಕದ ಅಜ್ಜ ತನ್ನ ಕರವಸ್ತ್ರ ಕೊಟ್ಟ.

ಅಮೀನಗಡ

ಹುಬ್ಬಳ್ಳಿಯಿಂದ ಬಸ್ಸು. ಕುಳಗೇರಿ ಕ್ರಾಸಿನಲ್ಲಿ ಚಹಾ ಕುಡಿದು, ಪಕ್ಕದ ಹೆಂಗಸಿಗೆ ನನ್ನ ಸಂಸಾರದ ವಿವರವೆಲ್ಲ ಒಪ್ಪಿಸಿದ ಮೇಲೆ ಊರಿಗೆ ಬಂದೆ ಅನಿಸಿತು. ಅಪ್ಪನ ಬ್ಯಾಂಡಿಗೆ ಅಂದು ಅಮೀನಗಡದಲ್ಲಿ ಲಗ್ನವಿತ್ತು, ಅಲ್ಲೇ ಇಳಿ ಎಂದು ಹೇಳಿಕಳಿಸಿದ್ದ. ಬಸ್ಸಿನ ಕಿಟಕಿಯಿಂದಲೇ ಕಂಡ. ಕೆಂಪು ಕೋಟು, ಕೊರಳಲ್ಲಿ ತಾಳ, ಹಿಂದಿನ ಸಾಲು.

ಹೇಗಿದ್ದೀ ಎಂದು ಕೇಳಲಿಲ್ಲ. ಕರದಂಟಿನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನಾನು ತಂದ ಧೋತರದ ಗಂಟು ಬಿಚ್ಚಿದ. ಸೀಳಿದ್ದ ಜಾಗವನ್ನು ಬೆರಳಿನಿಂದ ಸವರಿ, ‘ಶ್ಯಾಣ್ಯಾ ಅದಾನ ಮುದುಕ’ ಅಂದ. ಆಮೇಲೆ ಕೆಂಪು ದಾರದ ಮೇಲೆ ಉಗುರು ಆಡಿಸಿ ಎಣಿಸಿದ.

‘ಹದಿಮೂರು ಸುತ್ತೀದಿ. ನಮ್ಮ ಪೇಟಿಗೆ ಹನ್ನೊಂದು ಸಾಕಿತ್ತು. ಅವರದು ನಮ್ಮದಕ್ಕಿಂತ ಒಂದೀಟ ಇಳಿದೈತಿ, ಹೌದಿಲ್ಲೋ?’

ಪ್ರಾಗ್ ಯಾವ ದಿಕ್ಕಿಗಿದೆ ಎಂದೂ ತಿಳಿಯದ ಮನುಷ್ಯ ಕಟ್ಟೆಯ ಮೇಲೆ ಕುಳಿತು ಅವರ ಪಿಯಾನೋದ ಶ್ರುತಿ ಹೇಳುತ್ತಿದ್ದ. ಎರಡು ಸುತ್ತು ಬಿಚ್ಚಿ, ಹಲ್ಲಿನಿಂದ ಕಡಿದು, ತುದಿಯನ್ನು ಒಳಗೆ ಸಿಕ್ಕಿಸಿದ. ಕ್ಲಾರಿನೆಟ್ಟನ್ನು ಜೋಡಿಸಿ ಕಣ್ಣಿಗೊತ್ತಿಕೊಂಡ. ಬಾದಾಮಿಯ ದಿಕ್ಕಿಗೆ ತಿರುಗಿ, ಎಂದಿನಂತೆ ಮೊದಲ ಸ್ವರವನ್ನು ಬನಶಂಕರಿಗೆ ಊದಿದ. ಗಾಡಿಯ ಮೇಲಿನ ಕೀಬೋರ್ಡಿನವನು ತಾನೂ ಅದೇ ಸ್ವರ ಒತ್ತಿದ. ಕೂಡಿತು. ಕಹಳೆಯವರು ಒಬ್ಬರ ಮುಖ ಒಬ್ಬರು ನೋಡಿ, ‘ಮಾಸ್ತರ, ಮುಂದ ಬರ್ರಿ’ ಎಂದು ಜಾಗ ಬಿಟ್ಟರು.

ಮದುಮಗ ಕುದುರೆ ಏರಿಯಾಗಿತ್ತು. ಅಪ್ಪ ಎರಡು ಹೆಜ್ಜೆ ನಡೆದವನು ನಿಂತ. ಕೊರಳಲ್ಲಿ ತಾಳ ಹಾಗೇ ತೂಗುತ್ತಿತ್ತು. ತೆಗೆದು ನನ್ನ ಕೈಗಿಟ್ಟ.

‘ಹಿಡಿ.’

‘ಅಪ್ಪಾ, ನಾನ? ನನ್ನ ಸಾಲಿ ಮಕ್ಕಳ ಅವ್ವ ಅಪ್ಪ ಎಲ್ಲಾರೂ ಇಲ್ಲೇ ಅದಾರ. ಮಂದಿ ಏನಂದಾರು?’

‘ಮಂದಿ ಕುಣಿಯಾಕ ಬಂದಾರ, ನಿನ್ನ ನೋಡಾಕಲ್ಲ. ನಡಿ.’

ಊದತೊಡಗಿದ. ಮೆರವಣಿಗೆ ಕದಲಿತು. ಹಾನಾ ಕಾಲು ಅಗಲಿಸಿ ನಿಲ್ಲುತ್ತಿದ್ದದ್ದು ನೆನಪಾಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಾಳ ಬಡಿದೆ. ಮೊದಲನೆಯದು ತಡವಾಗಿ ಬಿತ್ತು. ಅಪ್ಪ ಊದುವುದನ್ನು ನಿಲ್ಲಿಸದೆ ಹಿಂದೆ ತಿರುಗಿ ನನ್ನನ್ನೇ ನೋಡುತ್ತ ನಡೆದ, ಇನ್ನೊಂದು ಸುತ್ತವಾ ಅನ್ನುತ್ತಿದ್ದಾಗಿನ ಅದೇ ಕಣ್ಣು. ಎರಡನೆಯದು ಕೂಡಿತು.